ಚಿತ್ರೀಕರಣದ ಬೆಂಕಿ ಮತ್ತು ನೀರು

ಪೀಣ್ಯದ ಕಾರ್ಖಾನೆಗಳಿಗೂ ಸಿನಿಮಾಕ್ಕೂ ಬಹಳ ದೂರವಿಲ್ಲ. ಒಂದು ಮಗ್ಗುಲಲ್ಲಿ ಕಂಠೀರವ ಸ್ಟುಡಿಯೊ. ಇನ್ನೊಂದು ಕಡೆ ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಹೊರಳಿದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. ಇದರ ಬೇರು 1940ರ ದಶಕದಲ್ಲಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಆರಂಭವಾದ ಛಾಯಾಗ್ರಹಣ ಶಿಕ್ಷಣದಲ್ಲಿದೆ. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅಲ್ಲಿಯೇ ಕಲಿತವರು. ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿ ತಂಡಕ್ಕೆ ಖಾಲಿ ಶೆಡ್ಡೊಂದು ಸಿಕ್ಕರೆ ಅದೇ ಅರಮನೆ. ಆದರೆ ಆ ಶೆಡ್ಡಿಗೆ ಬಾಗಿಲು ಎಷ್ಟು?

ಈ ಪ್ರಶ್ನೆಯ ಹಿಂದೆ ಮೈಸೂರಿನ ಒಂದು ರಾತ್ರಿಯಿದೆ. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನ್ ಕುರಿತ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಹತ್ತಿತು. ಸತ್ತವರು 62 ಮಂದಿ. ನಿರ್ದೇಶಕ, ನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದರು. ಸ್ಟುಡಿಯೊ ಗೋಡೆಗಳಿಗೆ ಗೋಣಿತಾಟು ಹೊದಿಸಲಾಗಿತ್ತು. ದನಿ ಮಾರ್ದನಿಗೊಳ್ಳದಂತೆ ತಡೆಯುವ ಅಗ್ಗದ ಉಪಾಯವಿದು. ಒಣಗಿದ ಗೋಣಿ ಉರಿಗೂ ಅಷ್ಟೇ ಒಳ್ಳೆಯ ಆಹಾರ. ಆ ಕಾಲದ ದೊಡ್ಡ ದೀಪಗಳು ಕುಡಿದ ವಿದ್ಯುತ್ತಿನ ಬಹುಪಾಲನ್ನು ಬೆಳಕಾಗಿಸದೆ ಶಾಖವಾಗಿಸುತ್ತಿದ್ದವು. ಸಡಿಲ ವೈರಿಂಗ್ ಇತ್ತು, ಗಾಳಿಕಿಂಡಿಗಳಿರಲಿಲ್ಲ. ಇವುಗಳಲ್ಲಿ ಯಾವುದೂ ಆ ರಾತ್ರಿ ಹುಟ್ಟಿದ್ದಲ್ಲ. ಹಗಲು ಹೊತ್ತಿನಲ್ಲಿ ಒಬ್ಬರು ಸುತ್ತಿ ಬಂದಿದ್ದರೆ ಎಲ್ಲವೂ ಕಣ್ಣಿಗೆ ಬೀಳುವಂಥವು.

ಬೆಂಕಿಯ ಕತೆ ಹೀಗಾದರೆ ನೀರಿನದು ಇನ್ನೊಂದು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್ ಮತ್ತು ಉದಯ್ ಮುಳುಗಿದರು. ಇಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ದೋಣಿ ಸಮಯಕ್ಕೆ ತಲುಪಲಿಲ್ಲ. ಕ್ಯಾಮೆರಾ ಮಾತ್ರ ಸಿದ್ಧವಾಗಿತ್ತು! (ಹೆಸರಘಟ್ಟದ ಕೆರೆಗೂ ಈ ಜಲಾಶಯಕ್ಕೂ ನದಿ ಒಂದೇ, ಅರ್ಕಾವತಿ.) 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಮತ್ತೊಂದು ಕನ್ನಡ ಚಿತ್ರದ ಸಾಹಸ ಕಲಾವಿದರೊಬ್ಬರು ವಿದ್ಯುತ್ ಆಘಾತದಿಂದ ಸತ್ತರು.

ಇದು ನಮ್ಮಲ್ಲಷ್ಟೇ ಆಗುವುದೂ ಅಲ್ಲ. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ರೈಲು ಸೇತುವೆಯ ಮೇಲೆ ಚಿತ್ರೀಕರಣ ನಡೆದಿದ್ದಾಗ ಗೂಡ್ಸ್ ರೈಲು ನುಗ್ಗಿ ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ಸತ್ತರು. ಹಳಿಯ ಮೇಲೆ ಚಿತ್ರೀಕರಿಸಲು ರೈಲ್ವೆ ಕಂಪನಿಯ ಅನುಮತಿಯೇ ಇರಲಿಲ್ಲ. ನಿರ್ದೇಶಕ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ದೊಡ್ಡ ಕಂಪನಿಗಳಲ್ಲೇ ಹೀಗಾದರೆ, ಒಬ್ಬನೇ ನಿರ್ದೇಶಕ, ಮೇನೇಜರು, ಕೆಲವೊಮ್ಮೆ ಡ್ರೈವರೂ ಆಗಿರುವ ವಿದ್ಯಾರ್ಥಿ ತಂಡದ ಗತಿಯೇನು? ನಿರ್ದೇಶಕನ ಕಣ್ಣು ಚೌಕಟ್ಟಿನೊಳಗೇ ಇರುತ್ತದೆ. ಆದ್ದರಿಂದ ಚೌಕಟ್ಟಿನ ಹೊರಗೆ ನೋಡುವುದಕ್ಕೆಂದೇ ಒಬ್ಬರು ಬೇಕು. ‘ನಿಲ್ಲಿಸಿ’ ಎನ್ನುವ ಅಧಿಕಾರ ಅವರಿಗಿರಬೇಕು. ಪೀಣ್ಯದ ಶೆಡ್ಡಿನಲ್ಲಾದರೆ ಅವರು ಮೊದಲು ನೋಡಬೇಕಾದ್ದು ಮೇನ್ ಸ್ವಿಚ್ ಎಲ್ಲಿದೆ, ವೈರಿಂಗ್ ಎಷ್ಟು ದೀಪಗಳನ್ನು ತಡೆದೀತು, ಮೇಲೆ ತಂತಿ ಹಾದಿದೆಯೇ, ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು. ಹೊರಗಿನ ಲಾರಿಗಳ ಸದ್ದು ಬರುತ್ತದೆಂದು ರೋಲಿಂಗ್ ಷಟರ್ ಎಳೆಯಲು ಹೊರಟವರನ್ನು ತಡೆಯಬೇಕಾದವರೂ ಅವರೇ. ಸದ್ದನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸರಿಪಡಿಸಿಕೊಳ್ಳಬಹುದು.