ದಕ್ಷಿಣ ಭಾರತ ಸಭೆ

ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸ್ಥಾಪಿತವಾದ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆ. ಆಂಗ್ಲಿಕನ್, ಮೆಥಡಿಸ್ಟ್ ಪಂಗಡಗಳು ಹಾಗೂ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲೇ ಕೂಡಿ ರಚಿಸಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ ಇದರಲ್ಲಿ ಒಂದಾದವು.

1919ರ ತರಂಗಂಬಾಡಿ ಸಮಾವೇಶದಿಂದ ಆರಂಭವಾದ ಮಾತುಕತೆ 28 ವರ್ಷ ನಡೆಯಿತು. ಅದರ ಮುಂದಾಳುಗಳಲ್ಲೊಬ್ಬರಾದ ಬಿಷಪ್ ವಿ. ಎಸ್. ಅಜರಯ್ಯ 1945ರಲ್ಲೇ ತೀರಿಕೊಂಡರು. ಐಕ್ಯವನ್ನು ಕಣ್ಣಾರೆ ಕಾಣಲಿಲ್ಲ.

ಬಿಷಪ್ಪರ ಹಸ್ತಾರ್ಪಣೆಯಿಲ್ಲದೆ ದೀಕ್ಷೆ ಪಡೆದ ಪಾದ್ರಿಗಳ ಸ್ಥಾನವೇನು ಎಂಬುದೇ ಅತ್ಯಂತ ಕಠಿಣ ಪ್ರಶ್ನೆಯಾಗಿತ್ತು. ಅವರಿಗೆ ಮರುದೀಕ್ಷೆ ಬೇಡ, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗಲಿ ಎಂದು ತೀರ್ಮಾನವಾಯಿತು. ಯಾವ ಸಭೆಯ ಮೇಲೂ ಅದಕ್ಕೆ ಒಗ್ಗದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಹೇರುವುದಿಲ್ಲ ಎಂಬ ವಚನವೂ ಸೇರಿತು. ಎಲ್ಲ ಭಿನ್ನತೆಗಳೂ ಬಗೆಹರಿಯುವ ಮೊದಲೇ, ದೇವರು ಮುಂದೆ ನಡೆಸುವನೆಂಬ ಭರವಸೆಯಿಂದ ಒಂದಾದದ್ದು ಈ ಐಕ್ಯದ ನಿಜವಾದ ಹಿರಿಮೆ. ಆದರೂ ನಂದ್ಯಾಲದ ಅನೇಕ ಆಂಗ್ಲಿಕನ್ನರು ಆಗ ಹೊರಗುಳಿದರು; ಆ ನೋವನ್ನು ಮರೆಯಲಾಗದು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕಟ್ಟಿದ ಕನ್ನಡ ಕರಾವಳಿಯ ಮತ್ತು ಧಾರವಾಡ ಸೀಮೆಯ ಸಭೆಗಳು ಸಿ.ಎಸ್.ಐ.ಗೆ ಸೇರಿದ್ದು ಅನಂತರ. ಕರ್ನಾಟಕದಲ್ಲೀಗ ಉತ್ತರ, ದಕ್ಷಿಣ, ಮಧ್ಯ ಎಂಬ ಮೂರು ಸಭಾಪ್ರಾಂತಗಳಿವೆ.