‘ಸರ್ವರ್ ಇಲ್ಲ’ ಅಂತ ಮೊದಲು ಗೊತ್ತಾಗೋದು ಯಾರಿಗೆ?

ಕಳೆದ ತಿಂಗಳು ಪಹಣಿ ತೆಗೆಸಲು ಹೋದಾಗ ನಾವು ಕೇಳಿದ್ದು ನೀವೂ ಕೇಳಿರುವ ಮಾತೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಸಾಲಿನಲ್ಲಿದ್ದ ಅಜ್ಜಿ ಆ ದಿನದ ಕೂಲಿ ಬಿಟ್ಟು ಬಂದಿದ್ದರು. ‘ಅದು ಕೆಟ್ಟೈತೆ ಅಂತ ಮೇಲಿನೋರಿಗೆ ಹೆಂಗ್ ಗೊತ್ತಾಗ್ತೈತಪ್ಪ?’ ಅಂತ ನಮ್ಮನ್ನೇ ಕೇಳಿದರು. ನಮಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆವು.

1969ರಲ್ಲಿ ಅಮೆರಿಕದಲ್ಲಿ ಆರ್ಪಾನೆಟ್ ಶುರುವಾಯಿತು. ಇಂಟರ್‌ನೆಟ್ಟಿನ ಅಜ್ಜ ಅನ್ನಿ. ಜಾಲ ಸೇರಿದ ಪ್ರತಿ ಜಾಗದಲ್ಲೂ ಫ್ರಿಜ್‌ನಷ್ಟು ದೊಡ್ಡದೊಂದು ಯಂತ್ರ. ಕಟ್ಟಿದ್ದು ಬಿಬಿಎನ್ ಎಂಬ ಕಂಪನಿ. ದೇಶದ ಆ ತುದಿಯಲ್ಲಿ ಯಂತ್ರ ಕೆಟ್ಟರೆ ಓಡಿಹೋಗಿ ನೋಡಲಾದೀತೇ? ಅದಕ್ಕೇ ಪ್ರತಿ ಯಂತ್ರವೂ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ‘ನಾನಿದ್ದೇನೆ, ನನ್ನ ಲೈನುಗಳು ಹೀಗಿವೆ’ ಎಂದು ಕೇಂದ್ರಕ್ಕೆ ವರದಿ ಕಳಿಸುವಂತೆ ಮಾಡಿದರು. ರಾತ್ರಿ ಗೂರ್ಖಾ ಸೀಟಿ ಊದುತ್ತಾನಲ್ಲ, ಹಾಗೆ. ಸೀಟಿ ಕೇಳದಿದ್ದರೆ ಏನೋ ಆಗಿದೆ ಎಂದರ್ಥ. ಟೆಲಿಫೋನ್ ಕಂಪನಿಗೆ ತನ್ನದೇ ಲೈನ್ ಕೆಟ್ಟದ್ದು ತಿಳಿಯುವ ಮೊದಲೇ ಬಿಬಿಎನ್‌ನವರು ಎಷ್ಟೋ ಸಲ ಫೋನ್ ಮಾಡಿ ಹೇಳುತ್ತಿದ್ದರು. ಸಾವಿರಾರು ಮೈಲಿ ದೂರದ ಲೈನ್ ನಿಮಗೆ ಹೇಗೆ ಗೊತ್ತು ಎಂದು ಅವರು ಮೊದಮೊದಲು ನಂಬಲೇ ಇಲ್ಲವಂತೆ!

1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ‘ಪಿಂಗ್’ ಬರೆದರು. ಕೂಗು ಹಾಕು, ಓಗೊಟ್ಟರೆ ಯಂತ್ರ ಬದುಕಿದೆ. ಇಷ್ಟೇ. ಇಂದಿಗೂ ಎಂಜಿನಿಯರುಗಳು ಮೊದಲು ಮಾಡುವುದು ಇದನ್ನೇ. 1988ರಲ್ಲಿ ಬಂದ ಎಸ್‌ಎನ್‌ಎಂಪಿ ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೆ ಒಂದೇ ಭಾಷೆ ಕಲಿಸಿತು.

1994ರಲ್ಲಿ ನಾಸಾದ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಧಾರಣ ಪಿಸಿಗಳನ್ನು ಒಂದೇ ನೊಗಕ್ಕೆ ಹೂಡಿದರು. ಹೆಸರು ಬೇವುಲ್ಫ್. ಅಂಥ ಗುಂಪುಗಳಿಗೆ ಕ್ಲಸ್ಟರ್ ಎನ್ನುತ್ತಾರೆ. ಗುಂಪು ಬೆಳೆದಂತೆ ಕಾವಲೂ ಕಷ್ಟವಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮ್ಯಾಟ್ ಮ್ಯಾಸ್ಸಿ ರೂಪಿಸಿದ ‘ಗ್ಯಾಂಗ್ಲಿಯಾ’ದಲ್ಲಿ ಪ್ರತಿ ಯಂತ್ರವೂ ತನ್ನ ಸ್ಥಿತಿಯನ್ನು ಇಡೀ ಗುಂಪಿಗೇ ಸಾರಬಲ್ಲದು. ಆಗ ಯಾರನ್ನು ಕೇಳಿದರೂ ಎಲ್ಲರ ಸುದ್ದಿ ಸಿಗುತ್ತದೆ, ನಮ್ಮೂರ ಅರಳಿಕಟ್ಟೆಯ ಹಾಗೆ. ಅದೇ ಸುಮಾರಿಗೆ, 1999ರಲ್ಲಿ, ಈಥನ್ ಗಾಲ್‌ಸ್ಟಾಡ್ ಬಿಟ್ಟ ನೆಟ್‌ಸೇಂಟ್ ಮುಂದೆ ನಾಗಿಯೋಸ್ ಆಯಿತು. ಪರದೆಯಲ್ಲಿ ಹಸಿರಿದ್ದರೆ ಸರಿ, ಕೆಂಪಾದರೆ ಫೋನಿಗೆ ಸಂದೇಶ.

ನಮ್ಮಲ್ಲೂ ‘ಭೂಮಿ’ ಯೋಜನೆ ಬಂದಮೇಲೆ ಪಹಣಿ ಕಂಪ್ಯೂಟರಿಗೆ ಹೋಯಿತು, ಕೆಸ್ವಾನ್ ಜಾಲ ತಾಲ್ಲೂಕು ಕೇಂದ್ರಗಳನ್ನು ರಾಜಧಾನಿಗೆ ಜೋಡಿಸಿತು. ಆದರೆ ಕೌಂಟರಿನಲ್ಲಿ ಕೇಬಲ್ ತುಂಡಾದರೂ, ಕರೆಂಟ್ ಹೋದರೂ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತು. ಎಲ್ಲಿ, ಎಷ್ಟು ಹೊತ್ತು ಕೆಟ್ಟಿತ್ತು ಎಂಬ ಲೆಕ್ಕ ಬರೆದಿಡುವುದೇ ಇಂಥ ತಂತ್ರಾಂಶಗಳ ಕೆಲಸ. ಆ ಲೆಕ್ಕವನ್ನು ಕಚೇರಿ ಗೋಡೆಗೂ ಅಂಟಿಸಲಿ ಎಂಬುದು ನಮ್ಮ ಒತ್ತಾಯ.

ಅಜ್ಜಿಗೆ ಮರುದಿನ ಪಹಣಿ ಸಿಕ್ಕಿತು. ಆ ದಿನದ ಕೂಲಿಯೂ ಹೋಯಿತು.