ಶಾಲಾ ಕೊಠಡಿಯ ಗಾಳಿ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಹಿರಿಯರು ದೇವಾಲಯವನ್ನು ಕಟ್ಟಿದೆಡೆಯಲ್ಲೆಲ್ಲಾ ಅದರ ಮಗ್ಗುಲಲ್ಲಿ ಶಾಲೆಯೊಂದನ್ನು ಕಟ್ಟಿದರು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಚರಿತ್ರೆಯನ್ನು ಸ್ಮರಿಸುವ ನಾವು, ಶಾಲೆಯಲ್ಲಿ ಮಕ್ಕಳು ಉಸಿರಾಡುವ ಗಾಳಿಗೂ ಒಂದು ಚರಿತ್ರೆಯಿದೆ ಎಂಬುದನ್ನು ಮರೆಯಲಾಗದು. ಆದಿಕಾಂಡದ ಪ್ರಕಾರ, ದೇವರು ಮಣ್ಣಿನಿಂದ ರೂಪಿಸಿದ ಮಾನವನಿಗೆ ಅನುಗ್ರಹಿಸಿದ ಮೊದಲ ದಾನವೇ ಶ್ವಾಸವಲ್ಲವೇ?

1858ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್, ಜನರು ಬಹುಕಾಲ ಇರುವ ಕೊಠಡಿಯ ಗಾಳಿಯಲ್ಲಿ ಇಂಗಾಲಾಮ್ಲವು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದು ಸಾರಿದನು. ಆ ಅನಿಲವು ಅಷ್ಟು ಪ್ರಮಾಣದಲ್ಲಿ ವಿಷವೆಂದು ಅವನ ಅಭಿಪ್ರಾಯವಲ್ಲ. ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಎಷ್ಟು ಸೇವಿಸುತ್ತಿದ್ದಾರೆಂಬುದಕ್ಕೆ ಅದು ಅಳತೆಗೋಲು. ಇಂದಿಗೂ ಶಾಲೆಗಳ ಗಾಳಿಯನ್ನು ಇದೇ ಗೋಲಿನಿಂದ ಅಳೆಯುವರು.

1882ರಲ್ಲಿ ರಾಬರ್ಟ್ ಕೋಕ್ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದನು. ಔಷಧವಿಲ್ಲದ ಆ ಕಾಲದಲ್ಲಿ ಶುದ್ಧವಾಯುವೇ ಆಸರೆ. 1904ರಲ್ಲಿ ಬರ್ಲಿನ್ ಬಳಿಯ ಶಾರ್ಲೊಟೆನ್‌ಬುರ್ಗಿನಲ್ಲಿ ದುರ್ಬಲ ಮಕ್ಕಳಿಗಾಗಿ ಕಾಡಿನ ನಡುವೆ ಬಯಲು ಶಾಲೆ ತೆರೆಯಿತು. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ, ಕೊರೆಯುವ ಚಳಿಯಲ್ಲಿಯೂ ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳಿಗೆ ಕಂಬಳಿ ಹೊದಿಸಿ ಪಾಠ ಹೇಳಿದರು.

ಮುಂದೆ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟಿತು. ಬಯಲು ಶಾಲೆಗಳು ಕ್ರಮೇಣ ಮುಚ್ಚಿದವು. 1973ರ ತೈಲಸಂಕಟದ ಬಳಿಕ ಚಳಿದೇಶಗಳಲ್ಲಿ ಇಂಧನವನ್ನುಳಿಸಲು ಕಟ್ಟಡಗಳ ಸಂದುಗೊಂದುಗಳನ್ನೂ ಮುಚ್ಚಿದರು. ರೋಗಭಯ ದೂರವಾದಂತೆ ಕಿಟಕಿಯೂ ಮರೆತುಹೋಯಿತು. 2020ರ ಕೋವಿಡ್ ಮಹಾಮಾರಿಯು ಆ ಮರೆವಿಗೆ ಬೆಲೆ ಕೇಳಿತು. ಗಾಳಿಯಾಡದ, ಜನ ಕಿಕ್ಕಿರಿದ ಕೊಠಡಿಗಳಲ್ಲಿ ಈ ರೋಗವು ಗಾಳಿಯ ಮೂಲಕ ಹರಡಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ಪಷ್ಟಪಡಿಸಿತು.

ನಮ್ಮ ನಾಡಿನಲ್ಲಿಯೂ ಈ ಚರಿತ್ರೆಯ ಒಂದು ಪುಟವಿದೆ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಿಂದ ಅಸಂಖ್ಯ ಶಾಲೆಗಳಿಗೆ ಮಾಡು ದೊರೆಯಿತು. ಬಿಸಿಗಾಳಿ ಮೇಲೇರಿ ಹೆಂಚುಗಳ ಸಂದಿನಿಂದ ಹೊರಹೋಗುತ್ತಿತ್ತು. ಎದುರುಬದುರಿನ ಕಿಟಕಿಗಳಿಂದ ಹೊಸ ಗಾಳಿ ಒಳಬರುತ್ತಿತ್ತು. ಇಂದು ಹೆಂಚಿನ ಸ್ಥಾನದಲ್ಲಿ ಕಾಂಕ್ರೀಟ್ ತಾರಸಿ ಬಂದಿದೆ. ತಾರಸಿಗೆ ಸಂದಿಲ್ಲ, ಒಂದೇ ಪಕ್ಕದ ಕಿಟಕಿಯನ್ನು ಧೂಳು, ಗದ್ದಲಗಳಿಗಾಗಿ ಮುಚ್ಚಿದರೆ ಗಾಳಿಗೆ ದಾರಿಯೇ ಇಲ್ಲ. ಫ್ಯಾನು ಒಳಗಿನ ಗಾಳಿಯನ್ನೇ ಸುತ್ತಿಸೀತೇ ಹೊರತು ಹೊಸದನ್ನು ತರದು.

ಪ್ರಪಂಚದಲ್ಲಿ ಅತ್ಯಧಿಕ ಕ್ಷಯರೋಗಿಗಳು ಇಂದಿಗೂ ನಮ್ಮ ಭಾರತದಲ್ಲಿದ್ದಾರೆ. ಇಕ್ಕಟ್ಟಾದ ಒಂದೇ ಕೋಣೆಯ ಮನೆಯಿಂದ ಬರುವ ಬಡ ಮಗುವಿಗೆ ಶಾಲೆಯಲ್ಲಾದರೂ ನಿರ್ಮಲ ವಾಯು ದೊರೆಯಬೇಡವೇ? ಆದುದರಿಂದ ಶಾಲಾ ಕೊಠಡಿಗಳನ್ನು ಕಟ್ಟುವಾಗ, ದುರಸ್ತಿ ಮಾಡುವಾಗ, ಎದುರುಬದುರು ಕಿಟಕಿಗಳನ್ನೂ ಛಾವಣಿಯ ಕೆಳಗೆ ಗವಾಕ್ಷಿಗಳನ್ನೂ ಇಡೋಣ. ಇಟ್ಟವುಗಳನ್ನು ಮಳೆಗಾಲದಲ್ಲಿಯೂ ಸಾಧ್ಯವಾದಷ್ಟು ತೆರೆದಿಡೋಣ. ಇದಕ್ಕೆ ತಗಲುವ ವೆಚ್ಚ ಅಲ್ಪ. ದಾನಿಗಳ ಹೆಸರನ್ನು ಕೆತ್ತಲು ಗೋಡೆಯಲ್ಲಿ ಜಾಗ ಬಿಡುವ ನಾವು, ಮಕ್ಕಳ ಉಸಿರಿಗೂ ಆ ಗೋಡೆಯಲ್ಲಿ ಜಾಗ ಬಿಡೋಣ. ಮಕ್ಕಳನ್ನು ತನ್ನ ಬಳಿಗೆ ಬರಗೊಡಿಸಿದ ಪ್ರಭು ಕ್ರಿಸ್ತರು ಈ ಕಾರ್ಯವನ್ನು ಹರಸಲಿ.